ನಿಧಾನಯ್ಯನ ಓವನ್

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಆ ಮನುಷ್ಯನನ್ನು ಡಿಪೋದವರೆಲ್ಲ ನಿಧಾನಯ್ಯ ಎಂದೇ ಕರೆಯುತ್ತಿದ್ದರು. ಅಷ್ಟು ವರ್ಷಗಳಲ್ಲಿ ಅವನು ಒಂದು ಕೋಳಿಯ ಪುಕ್ಕಕ್ಕೂ ಗಾಲಿ ತಾಗಿಸಿದವನಲ್ಲ. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಟೈರು ಒದ್ದು ನೋಡುವುದು, ಎಣ್ಣೆ ಅಳೆಯುವುದು, ಬ್ರೇಕು ಮೂರು ಸಲ ತುಳಿಯುವುದು, ಆಮೇಲೆ ಬಸ್ಸಿಗೆ ಒಂದು ಸುತ್ತು ಬಂದು ಮೂಗೆತ್ತಿ ಮೂಸುವುದು. ರಬ್ಬರು ಸುಟ್ಟ ವಾಸನೆಯಾಗಲಿ ಡೀಸೆಲ್ ಸೋರಿದ ವಾಸನೆಯಾಗಲಿ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಚಾವಿ ತಿರುಗಿಸುವುದು. ಹಿಂದಿನ ಸೀಟಿನವರು "ಯಾವಾಗಪ್ಪಾ ಹೊರಡೋದು?" ಎಂದು ಗೊಣಗಿದರೆ, "ನಿಮ್ಗೆ ಹೊರಡೋದು ಬೇಕೋ, ತಲುಪೋದು ಬೇಕೋ?" ಎಂದು ಕನ್ನಡಿಯಲ್ಲಿ ನೋಡಿ ನಗುತ್ತಿದ್ದ.

ಅವನ ಬಸ್ಸಿನ ಕೊನೆಯ ನಿಲ್ದಾಣದ ಎದುರಿಗೆ ಒಂದು ಬೇಕರಿ ಇತ್ತು. ಹೋಗುವ ಟ್ರಿಪ್ಪಿಗೂ ಬರುವ ಟ್ರಿಪ್ಪಿಗೂ ನಡುವೆ ಇಪ್ಪತ್ತು ನಿಮಿಷ ಬಿಡುವು. ಆ ಇಪ್ಪತ್ತಿಪ್ಪತ್ತು ನಿಮಿಷಗಳಲ್ಲೇ, ಬೇಕರಿಯವನ ಜೊತೆ ಹರಟೆ ಹೊಡೆಯುತ್ತ ಹೊಡೆಯುತ್ತ, ಹಿಟ್ಟು ನಾದುವುದನ್ನೂ ಹುದುಗೆಬ್ಬಿಸುವುದನ್ನೂ ಕಲಿತುಬಿಟ್ಟ. ಬ್ರೆಡ್ಡು ಬೆಂದಿತೋ ಇಲ್ಲವೋ ಎಂದು ಬಾಗಿಲು ತೆಗೆಯದೆ ಬರೀ ವಾಸನೆಯಿಂದ ಹೇಳುವುದು ಮಾತ್ರ ಯಾರೂ ಕಲಿಸಿದ್ದಲ್ಲ. ಅದು ಅವನ ಮೂಗಿಗೆ ತಾನಾಗಿ ಬಂತು. ನಿವೃತ್ತಿಯಾದ ತಿಂಗಳಲ್ಲೇ ಯಾರದೋ ಮನೆಯಿಂದ ಹಳೆಯ ಗ್ಯಾಸ್ ಓವನ್ ಒಂದನ್ನು ಕೊಂಡು ತಂದು, ಮೂರನೆಯ ಮಹಡಿಯ ತನ್ನ ಪುಟ್ಟ ಮನೆಯ ಅಡುಗೆಕೋಣೆಯಲ್ಲಿ ಕೂರಿಸಿದ. ಹೆಂಡತಿ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಮನೆಯಲ್ಲಿ ಇದ್ದವರು ಅವನು ಮತ್ತು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗ. ಎರಡು ವರ್ಷದ ನಂತರ ಸೊಸೆ ಬಂದಳು.

ಸೊಸೆಗೆ ಆಂಬುಲೆನ್ಸ್ ಕಚೇರಿಯಲ್ಲಿ ಫೋನ್ ತೆಗೆಯುವ ಪಾಳಿಯ ಕೆಲಸ. ಆ ಕಡೆಯಿಂದ ಯಾರಾದರೂ ಬೊಬ್ಬೆ ಹೊಡೆಯುತ್ತ ಮಾತಾಡಿದರೆ ಈ ಕಡೆಯಿಂದ ತಣ್ಣಗೆ, ಒಂದೊಂದೇ ಮಾತು ಹೇಳಿ ದಾರಿ ತೋರಿಸುವವಳು. ಮನೆಯಲ್ಲಿ ಮಾತ್ರ ಬಾಯಿಬಡುಕಿ. ಮಾವನಿಗೂ ಅವಳಿಗೂ ಮೊದಲ ವಾರದಲ್ಲೇ ಹೊಂದಿಕೊಂಡಿತು. ಓವನ್ ಹಚ್ಚುವುದನ್ನು ಅವಳಿಗೆ ಹೇಳಿಕೊಟ್ಟವನು ಅವನೇ. ಸುಮ್ಮನೆ ಹೇಳಿಕೊಡಲಿಲ್ಲ, ಲೈಸೆನ್ಸ್ ಪರೀಕ್ಷೆಯ ಹಾಗೆ ಪ್ರಶ್ನೆ ಕೇಳಿ ಉತ್ತರ ಹೇಳಿಸಿದ.

"ಮಧ್ಯದಲ್ಲಿ ಬೆಂಕಿ ಆರಿಹೋದ್ರೆ ಏನ್ ಮಾಡ್ತೀಯಮ್ಮಾ?"

"ಮತ್ತೆ ಹಚ್ತೀನಿ."

"ಫೇಲ್! ಮೊದ್ಲು ಗುಂಡಿ ತಿರುಗಿಸಿ ಬಂದ್ ಮಾಡ್ಬೇಕು. ಆಮೇಲೆ ಬಾಗಿಲು ತೆಗೀಬೇಕು, ಕಿಟಕಿ ತೆಗೀಬೇಕು. ಹತ್ತು ನಿಮಿಷ ಕೈ ಕಟ್ಕೊಂಡು ಕೂತ್ಕೋಬೇಕು. ಒಳಗಿನ ಗ್ಯಾಸೆಲ್ಲ ಹೋಯ್ತು ಅಂದ್ಮೇಲೆ ಹಚ್ಬೇಕು."

ಬಸ್ಸಿಗೆ ಮಾಡುತ್ತಿದ್ದ ಆರೈಕೆಯನ್ನೆಲ್ಲ ನಿಧಾನಯ್ಯ ಓವನ್ನಿಗೆ ವರ್ಗಾಯಿಸಿದ್ದ. ಶನಿವಾರವೆಂದರೆ ಸರ್ವಿಸ್ ದಿನ. ಓವನ್ ಪೂರ್ತಿ ತಣ್ಣಗಾಗಿದೆಯೇ ಎಂದು ಮುಂಗೈಯಿಟ್ಟು ನೋಡಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಒಳಗಿನ ಜಾಲರಿಗಳನ್ನು ಹೊರಗೆಳೆದು ಸೋಪಿನ ಬಿಸಿನೀರಲ್ಲಿ ನೆನೆಹಾಕುವನು. ಅಡುಗೆ ಸೋಡಾಕ್ಕೆ ನೀರು ಬೆರೆಸಿ ಸುಣ್ಣದ ಹದಕ್ಕೆ ಕಲಸಿ ಒಳಗೋಡೆಗಳಿಗೆ ಬಳಿದು ಬಿಡುವನು. ಬರ್ನರಿನ ಹತ್ತಿರ ಮಾತ್ರ ಅದನ್ನು ಸುಳಿಯಗೊಡುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ವಾರದ ಜಿಡ್ಡೆಲ್ಲ ಸೋಡಾದೊಂದಿಗೆ ಎದ್ದು ಬರುತ್ತಿತ್ತು. "ಅಪ್ಪ ನನ್ನ ಮುಖಾನೂ ಇಷ್ಟು ಚೆನ್ನಾಗಿ ತೊಳೆದಿಲ್ಲ ಚಿಕ್ಕಂದಿನಲ್ಲಿ" ಎಂದು ಮಗ ಹೆಂಡತಿಯ ಹತ್ತಿರ ದೂರುವನು.

ಹೀಗೆ ಎಲ್ಲವೂ ಸರಾಗವಾಗಿ ನಡೆದಿದ್ದಾಗ ನಿಧಾನಯ್ಯನಿಗೆ ಒಂದು ಜ್ವರ ಬಂತು. ಎಲ್ಲರಿಗೂ ಬರುವಂಥದ್ದೇ. ನಾಲ್ಕು ದಿನ ಮಲಗಿ ಐದನೆಯ ದಿನ ಎದ್ದು ಕೂತ. ಸೊಸೆ ಕಾಫಿ ತಂದುಕೊಟ್ಟಳು. ಲೋಟವನ್ನು ಮೂಗಿನ ಹತ್ತಿರ ಹಿಡಿದರೆ ಬಿಸಿ ಆವಿ ತಾಗಿತೇ ಹೊರತು ಕಾಫಿ ತಾಗಲಿಲ್ಲ. ಶೀತ ಕಟ್ಟಿದೆ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡ. ವಾರ ಕಳೆಯಿತು, ತಿಂಗಳು ಕಳೆಯಿತು. ಸೋಪು ಮೂಸಿದ, ಸೀಮೆಎಣ್ಣೆಯ ಬಾಟಲಿ ಮೂಸಿದ, ಯಾರೂ ಇಲ್ಲದಾಗ ಮಗನ ಹಳೆಯ ಬೂಟಿನೊಳಗೆ ಮೂಗು ತೂರಿಸಿಯೂ ನೋಡಿದ. ಏನೂ ಇಲ್ಲ. ಕದ ಹಾಕಿದ ಅಂಗಡಿಯ ಮುಂದೆ ನಿಂತ ಹಾಗೆ.

ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮೊದಲು ಹೋಗುವುದು ಓವನ್ ಎಂದು ಅವನಿಗೆ ಗೊತ್ತಿತ್ತು. ಡಿಪೋದಲ್ಲಿ ಕಣ್ಣಿನ ಪರೀಕ್ಷೆಯಲ್ಲಿ ಸೋತ ಡ್ರೈವರುಗಳನ್ನು ಅವನು ನೋಡಿದ್ದ. ಅವರನ್ನು ಟಿಕೆಟ್ ಬಂಡಲು ಎಣಿಸುವ ಕೋಣೆಗೆ ಹಾಕುತ್ತಿದ್ದರು. ಸ್ಟೀರಿಂಗಿನ ಹಿಂದೆ ಸಿಂಹದಂತೆ ಕೂತವರು ಅಲ್ಲಿ ಆರೇ ತಿಂಗಳಲ್ಲಿ ಬಾಡಿಹೋಗುತ್ತಿದ್ದರು. ಅದೂ ಅಲ್ಲದೆ ಆಗಷ್ಟೇ ಮನೆಗೊಂದು ಸಿಹಿ ಸುದ್ದಿ ಬಂದಿತ್ತು. ಸೊಸೆ ಬಸುರಿಯಾಗಿರುವ ಹೊತ್ತಿನಲ್ಲಿ ತನ್ನ ಮೂಗಿನ ರಗಳೆ ಯಾಕೆ ಎಂದು ಸುಮ್ಮನಾದ.

ಆದರೆ ಬ್ರೆಡ್ಡು ಬೆಂದಿತೆಂದು ತಿಳಿಯುವುದು ಹೇಗೆ? ಅದಕ್ಕೊಂದು ಉಪಾಯ ಹೂಡಿದ. ಗಡಿಯಾರ ನೋಡಿಕೊಂಡು, ಅಂದಾಜಿನ ಹೊತ್ತಿಗೆ ಒಳಕೋಣೆಯ ಕಡೆ ಕೂಗಿ ಕೇಳುವನು: "ಘಮ್ ಅಂತಿದೆ ಅಲ್ವೇನಮ್ಮಾ?"

"ಹೂಂ ಮಾವ! ಬೀದಿ ತುದಿವರೆಗೂ ಹೋಗಿರತ್ತೆ!" ಎಂದು ಅವಳು ಅಲ್ಲಿಂದಲೇ ಕೂಗುವಳು. ಅವನು ಓವನ್ ಆರಿಸುವನು. ಕೆಲವು ಸಲ ಬ್ರೆಡ್ಡು ಸರಿಯಾಗಿರುತ್ತಿತ್ತು, ಕೆಲವು ಸಲ ನಡುವೆ ಹಸಿಹಸಿ. ಅವಳು ಯಾವತ್ತೂ ಚಕಾರವೆತ್ತಲಿಲ್ಲ. ತಟ್ಟೆಯಲ್ಲಿ ಒಂದು ಚೂರು ಇಟ್ಟುಕೊಂಡು, "ಆಮೇಲೆ ತಿಂತೀನಿ ಮಾವ" ಎಂದು ಕೋಣೆಗೆ ಹೋಗುವಳು. ಇತ್ತೀಚೆಗೆ ಹಾಗೆ ಹೋಗುವುದು ಹೆಚ್ಚಾಗಿತ್ತು. ಹಿಟ್ಟು ನಾದಲು ಕೂತರೆ ಸಾಕು, ಅವಳಿಗೆ ಏನೋ ಒಂದು ಕೆಲಸ ನೆನಪಾಗುವುದು. ಬಾಣಂತನದ ಯೋಚನೆ ಇರಬೇಕು ಪಾಪ ಎಂದುಕೊಂಡ.

ಒಂದು ದಿನ ಬೆಣ್ಣೆ ಹಚ್ಚಿದ ಬ್ರೆಡ್ಡಿನಿಂದ ಬೆಣ್ಣೆ ಕರಗಿ ತೊಟ್ಟಿಕ್ಕಿ ಓವನ್ನಿನ ತಳದಲ್ಲಿ ಸುಟ್ಟು ಕರಿಯಾಯಿತು. ನಿಧಾನಯ್ಯ ಅದರ ಮುಂದೆಯೇ ಪೇಪರು ಓದುತ್ತ ಕೂತಿದ್ದ. ಹೊಗೆ ಕಣ್ಣಿಗೆ ಚುಚ್ಚಿದಾಗಲೇ ಅವನಿಗೆ ಗೊತ್ತಾದದ್ದು. ಅಷ್ಟರಲ್ಲಿ ಸೊಸೆ ಕೋಣೆಯಿಂದ ಓಡಿ ಬಚ್ಚಲಿಗೆ ಹೋಗಿ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡಳು. ಬಾಗಿಲಾಚೆ ನೀರಿನ ಚೊಂಬು ಹಿಡಿದು ನಿಂತ ಅವನಿಗೆ ನೆಲ ಬಿರಿಯಬಾರದೇ ಎನ್ನಿಸಿತು. "ಏನಿಲ್ಲ ಮಾವ, ಹೊಗೆ ಅಷ್ಟೆ" ಎಂದಳು ಹೊರಗೆ ಬಂದು, ಬಿಳಿಚಿದ ಮುಖದಲ್ಲಿ ನಗುತ್ತ.

ಇನ್ನು ಮೇಲೆ ಓವನ್ನಿನಲ್ಲಿ ಏನೂ ಸೀಯಬಾರದು ಎಂದು ಅವನು ಅಂದೇ ತೀರ್ಮಾನಿಸಿದ. ಸೋರಿದ್ದು ತಳಕ್ಕೆ ಅಂಟಿದರೆ ತಾನೇ ಸೀಯುವುದು? ಬುಧವಾರ ಬೆಳಿಗ್ಗೆ ಅಂಗಡಿಯಿಂದ ಅಗಲದ ಅಲ್ಯೂಮಿನಿಯಂ ಹಾಳೆಯ ಸುರುಳಿ ತಂದ. ಓವನ್ನಿನ ತಳದ ತಗಡಿನ ಮೇಲೆ, ಹಾಸಿಗೆಗೆ ಬಟ್ಟೆ ಹಾಸುವ ಹಾಗೆ, ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಸುಕ್ಕೂ ಇಲ್ಲದಂತೆ ಹಾಸಿ, ಅಂಚುಗಳನ್ನು ಒತ್ತಿ ಒತ್ತಿ ಕೂರಿಸಿದ. ಬೆಳ್ಳಿಯಂತೆ ಫಳಫಳಿಸಿತು. ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ತನ್ನನ್ನೇ ಬೈದುಕೊಂಡ.

ಅಂದು ಸೊಸೆಗೆ ವಾರದ ರಜೆ. ಮಗ ಅಂಗಡಿಗೆ ಹೋಗಿದ್ದ. ಹನ್ನೊಂದು ಗಂಟೆಯ ಹೊತ್ತಿಗೆ ನಿಧಾನಯ್ಯ ಓವನ್ ಹಚ್ಚಿ, ಬಿಸಿಯಾದ ಮೇಲೆ ಬ್ರೆಡ್ಡಿನ ಅಚ್ಚು ಒಳಗಿಟ್ಟು, ಸ್ಟೂಲಿನ ಮೇಲೆ ಕೂತ. ಸೊಸೆ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದಳು.

ಇಪ್ಪತ್ತೈದು ನಿಮಿಷವಾದ ಮೇಲೆ ಗಾಜಿನಿಂದ ಇಣುಕಿದ. ಹಿಟ್ಟು ಇಟ್ಟಾಗ ಎಷ್ಟು ಬಿಳುಪಾಗಿತ್ತೋ ಇನ್ನೂ ಅಷ್ಟೇ. ಬಾಗಿಲು ಸ್ವಲ್ಪ ಸರಿಸಿ ಕೈ ಒಡ್ಡಿದರೆ ಬೆಚ್ಚಗಿತ್ತೇ ವಿನಾ ಬಿಸಿ ಇರಲಿಲ್ಲ. ಒಂದು ಮೊಣಕಾಲಿಗೆ ಇನ್ನೊಂದು ಮೊಣಕಾಲಿನ ಸಹಾಯ ಬೇಡುತ್ತ ನೆಲಕ್ಕೆ ಕುಕ್ಕರಿಸಿ, ಬೆಂಕಿ ಹಚ್ಚುವ ತೂತಿನಲ್ಲಿ ನೋಡಿದ. ಕತ್ತಲೆ. ಬೆಂಕಿ ಆರಿತ್ತು.

ಸೊಸೆಗೆ ಬಾಯಿಪಾಠ ಮಾಡಿಸಿದ ಪಾಠ ಆ ಗಳಿಗೆಯಲ್ಲಿ ಅವನಿಗೆ ಯಾಕೆ ನೆನಪಾಗಲಿಲ್ಲವೋ. ನೆನಪಾಗಲಿಲ್ಲ ಎನ್ನುವುದಕ್ಕಿಂತ, ಅಭ್ಯಾಸ ಮುಂದೆ ನುಗ್ಗಿತು ಎನ್ನಬೇಕು. ಜೀವಮಾನವಿಡೀ ಅವನು ಮೂಗನ್ನು ಕೇಳಿ ಹೆಜ್ಜೆಯಿಟ್ಟವನು. ಮೂಗು ಸುಮ್ಮನಿದ್ದರೆ ಸೋರಿಕೆಯಿಲ್ಲ, ಚಾವಿ ತಿರುಗಿಸಬಹುದು. ಈಗಲೂ ಮೂಗು ಸುಮ್ಮನಿತ್ತು. ಸತ್ತ ಮೂಗು ಸುಮ್ಮನಿರದೆ ಇನ್ನೇನು ಮಾಡೀತು ಎಂಬುದು ತಲೆಗೆ ಹೊಳೆಯುವ ಮೊದಲೇ ಕೈ ಲೈಟರಿನ ಕಡೆ ಹೋಗಿತ್ತು.

"ಮಾವ. ಲೈಟರ್ ಒತ್ತಬೇಡಿ."

ಕೂಗಿದ್ದಲ್ಲ. ಮೆಲ್ಲಗೆ, ಒಂದೊಂದೇ ಅಕ್ಷರ ಕೇಳುವಂತೆ ಹೇಳಿದ್ದು. ಅವನು ಆ ದನಿಯನ್ನು ಮನೆಯಲ್ಲಿ ಎಂದೂ ಕೇಳಿರಲಿಲ್ಲ. ತಿರುಗಿ ನೋಡಿದರೆ ಸೊಸೆ ಅಡುಗೆಕೋಣೆಯ ಬಾಗಿಲಲ್ಲಿ, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈಯಲ್ಲಿ ಒದ್ದೆ ಟವೆಲ್ ಮೂಗಿಗೆ ಒತ್ತಿ ಹಿಡಿದು ನಿಂತಿದ್ದಳು.

"ಲೈಟರ್ ಮೆತ್ತಗೆ ನೆಲದ ಮೇಲಿಡಿ. ಹಾಂ. ಈಗ ಏಳಿ. ಗೋಡೆ ಹಿಡ್ಕೊಳ್ಳಿ."

ಅವನು ಏಳುವಷ್ಟರಲ್ಲಿ ಅವಳು ಓವನ್ನಿನ ಗುಂಡಿ ತಿರುಗಿಸಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಬಾಲ್ಕನಿಯ ಬಾಗಿಲನ್ನೂ ಕಿಟಕಿಯನ್ನೂ ಪೂರ್ತಿ ತೆರೆದಿದ್ದಳು.

"ಫ್ಯಾನ್ ಹಾಕ್ಲೇನಮ್ಮಾ?" ಎಂದು ಅವನು ಸ್ವಿಚ್ಚಿಗೆ ಕೈ ಚಾಚಿದ.

"ಬೇಡ. ಯಾವ ಸ್ವಿಚ್ಚೂ ಮುಟ್ಟಬೇಡಿ. ಹಾಕೋದೂ ಬೇಡ, ಆರಿಸೋದೂ ಬೇಡ. ಫೋನೂ ಇಲ್ಲಿ ಬೇಡ. ನನ್ ಕೈ ಹಿಡ್ಕೊಂಡು ಬನ್ನಿ."

ಬಸ್ಸಿನಲ್ಲಿ ಸಾವಿರಾರು ಜನರನ್ನು ದಾಟಿಸಿದವನು ಚಿಕ್ಕ ಮಗುವಿನಂತೆ ಸೊಸೆಯ ಕೈ ಹಿಡಿದು ಮೂರು ಮಹಡಿ ಇಳಿದ. ದಾರಿಯಲ್ಲಿ ಅವಳು ಎದುರುಮನೆಯವರಿಗೂ ಕೆಳಗಿನವರಿಗೂ ಬಾಗಿಲು ತಟ್ಟಿ ಎರಡೇ ಮಾತಿನಲ್ಲಿ ಹೇಳಿ ಹೊರಗೆ ಕರೆದಳು. ಕಟ್ಟಡದಿಂದ ದೂರ ಬಂದು, ಗೇಟಿನ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಅವನನ್ನು ಕೂರಿಸಿ, ಗ್ಯಾಸ್ ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಿ, ಮಹಡಿ, ಮನೆ, ಸಿಲಿಂಡರ್ ಎಲ್ಲಿದೆ ಎನ್ನುವುದನ್ನೆಲ್ಲ ಪಟಪಟನೆ ತಿಳಿಸಿದಳು. ಫೋನ್ ಕೆಳಗಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವನ ಪಕ್ಕದಲ್ಲಿ ಕೂತಳು.

"ನಿಮ್ಗೆ ವಾಸನೆ ಬರ್ಲಿಲ್ವಾ ಮಾವ?"

ಸ್ವಲ್ಪ ಶೀತ ಕಣಮ್ಮ ಎನ್ನಲು ಹೊರಟ. ಅವಳ ಕೈ ಹೊಟ್ಟೆಯ ಮೇಲಿರುವುದನ್ನು ನೋಡಿ ಆ ಸುಳ್ಳನ್ನು ಬಿಟ್ಟ. ನಾಲ್ಕು ತಿಂಗಳಿನಿಂದ ನುಂಗಿಕೊಂಡದ್ದು ಒಂದೇ ಉಸಿರಿಗೆ ಹೊರಗೆ ಬಂತು.

"ಇಲ್ಲಮ್ಮ. ಜ್ವರ ಬಂದಾಗ ಹೋಯ್ತು. ಏನೂ ಬರಲ್ಲ. ಕಾಫಿನೂ ಇಲ್ಲ, ಸೀಮೆಎಣ್ಣೆನೂ ಇಲ್ಲ. ನಿನ್ ಗಂಡನ ಬೂಟೂ ಇಲ್ಲ."

"ಮತ್ತೆ ದಿನಾ ಘಮ್ ಅಂತಿದೆ ಅಲ್ವಾ ಅಂತ ಕೇಳ್ತಿದ್ರಲ್ಲ?"

"ನೀನು ಹೂಂ ಅಂದ್ರೆ ಬೆಂದಿದೆ ಅಂತ. ನಿನ್ ಮೂಗನ್ನೇ ಬಾಡಿಗೆಗೆ ತಗೊಂಡಿದ್ದೆ."

ಸೊಸೆ ಅವನನ್ನೇ ನೋಡಿದಳು. ತುಟಿ ಅಳುವುದಕ್ಕೆ ಹೊರಟು ನಗುವಿನ ಕಡೆ ತಿರುಗಿತು.

"ಅಯ್ಯೋ ಮಾವ, ಒಳ್ಳೇ ಮೂಗೇ ಹಿಡ್ಕೊಂಡ್ರಿ! ಈ ಮಗು ಹೊಟ್ಟೇಲಿ ಕೂತಾಗಿಂದ ನನಗೆ ವಾಸನೆ ಅಂದ್ರೆ ಹಿಂಸೆ. ಎದುರುಮನೆಯವರು ಸೋಪು ಬದಲಾಯಿಸಿದ್ರೂ ಗೊತ್ತಾಗತ್ತೆ. ಹಿಟ್ಟು ಹುದುಗು ಬರೋ ವಾಸನೆ ಬಂದ್ರಂತೂ ಹೊಟ್ಟೆ ತೊಳಸಿ ಬರತ್ತೆ. ನೀವು ಹಿಟ್ಟಿನ ಡಬ್ಬ ತೆಗೆದ್ರೆ ಸಾಕು, ನಾನು ಕೋಣೆ ಸೇರ್ಕೊಂಡು ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಮಲಗ್ತಿದ್ದೆ. ಬೆಂದಿದ್ಯೋ ಇಲ್ವೋ ನನಗೇನು ಗೊತ್ತು? ನೀವು ಕೇಳಿದ್ರಿ, ನಾನು ಹೂಂ ಅಂದೆ."

"ನನಗೆ ಹೇಳ್ಬಾರ್ದಿತ್ತೇನಮ್ಮಾ?"

"ಹೇಗೆ ಹೇಳ್ಲಿ? ಬ್ರೆಡ್ ಮಾಡೋವಾಗ ನಿಮ್ ಮುಖ ನೀವು ನೋಡ್ಕೊಂಡಿದೀರಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ಆ ಟವೆಲ್ ಇರ್ಲಿಲ್ಲ ಅಂದ್ರೆ ಹತ್ತು ನಿಮಿಷ ಮುಂಚೇನೇ ಗ್ಯಾಸ್ ವಾಸನೆ ಬಂದಿರ್ತಿತ್ತು. ಬಚ್ಚಲಿಗೆ ಹೋಗೋಣ ಅಂತ ಎದ್ದು ಬಾಗಿಲು ತೆಗೆದೆ ನೋಡಿ, ಗಪ್ಪಂತ ಬಂತು" ಎಂದಳು.

ನಿಧಾನಯ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ದನಿ ಬಂತು. "ಮೂವತ್ತೊಂದು ವರ್ಷಮ್ಮಾ. ಒಂದು ಗೀರು ಬಿದ್ದಿರ್ಲಿಲ್ಲ. ಕೊನೆಗೆ ಮನೇಲಿ, ನಿನಗೆ, ನಿನ್ ಹೊಟ್ಟೇಲಿರೋ ಕೂಸಿಗೆ..."

ಅವಳು ಅವನ ಹತ್ತಿರ ಸರಿದು ಕೂತಳು. ಭುಜಕ್ಕೆ ಭುಜ ತಾಗುವಷ್ಟು. "ಆಕ್ಸಿಡೆಂಟ್ ಆಗಿಲ್ಲ ಮಾವ. ಜೋರಾಗಿ ಬ್ರೇಕ್ ಬಿತ್ತು, ಅಷ್ಟೆ. ಅತ್ತುಬಿಡಿ ಬೇಕಾದ್ರೆ. ನಾನೂ ಸ್ವಲ್ಪ ಅಳ್ತೀನಿ."

ಇಬ್ಬರೂ ಅತ್ತರು. ಎದುರುಮನೆಯಾಕೆ ಏನೋ ಅನಾಹುತವಾಗಿದೆಯೆಂದು ಗಾಬರಿಯಿಂದ ಓಡಿಬಂದಳು. ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಇವರ ಅಳು ನಿಂತಿತ್ತು.

ಕಂಪನಿಯವರು ಬಂದು, ಮನೆಯೊಳಗೆ ಗ್ಯಾಸ್ ಉಳಿದಿಲ್ಲವೆಂದು ನೋಡಿ, ಓವನ್ನನ್ನು ರಿಪೇರಿಯವರಿಗೆ ತೋರಿಸುವವರೆಗೆ ಮುಟ್ಟಕೂಡದು ಎಂದು ತಾಕೀತು ಮಾಡಿ ಹೋದರು. ಸಂಜೆಗೆ ರಿಪೇರಿಯಾಕೆ ಬಂದಳು. ಆ ಬಡಾವಣೆಯಲ್ಲಿ ಎಲ್ಲರೂ ಅವಳನ್ನು ಸ್ಪ್ಯಾನರಕ್ಕ ಎನ್ನುತ್ತಿದ್ದರು. ನಲವತ್ತು ದಾಟಿದ ಗಟ್ಟಿ ಹೆಂಗಸು. ಮಾತು ಅದಕ್ಕಿಂತ ಗಟ್ಟಿ. ಓವನ್ನಿನ ಬಾಗಿಲು ತೆಗೆದವಳೇ ತಳದಲ್ಲಿ ಫಳಫಳಿಸುವ ಹಾಳೆ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಇದನ್ನ ಹಾಸಿದ ಮಹಾನುಭಾವರು ಯಾರು?"

ನಿಧಾನಯ್ಯ ಶಾಲೆಯಲ್ಲಿ ಹೋಂವರ್ಕ್ ಮರೆತವನ ಹಾಗೆ ಕೈಯೆತ್ತಿದ.

ಅವಳು ಹಾಳೆಯನ್ನು ಕಿತ್ತು, ತಳದ ತಗಡಿನ ಎರಡೂ ಬದಿಗಿದ್ದ ಉದ್ದುದ್ದ ಸೀಳುಗಳನ್ನು ಬೆರಳಿಟ್ಟು ತೋರಿಸಿದಳು. "ಇವು ಅಂದಕ್ಕೆ ಇಟ್ಟಿದ್ದಲ್ಲ ಯಜಮಾನ್ರೇ. ಕೆಳಗಿನ ಬೆಂಕಿ ಉಸಿರಾಡೋದು ಇಲ್ಲಿಂದ. ನೀವು ಚಾಪೆ ಹಾಸಿ ಮೂಗು ಬಾಯಿ ಎರಡೂ ಮುಚ್ಚಿದ್ರಿ. ಪಾಪ ಎಷ್ಟು ಹೊತ್ತು ತಡ್ಕೊಳತ್ತೆ? ಆರಿಹೋಯ್ತು. ಗ್ಯಾಸ್ ಮಾತ್ರ ಬರ್ತಾನೇ ಇತ್ತು." ತಗಡನ್ನು ಎತ್ತಿ ಕೆಳಗಿನ ಬರ್ನರ್ ತೋರಿಸಿದಳು. ಅದರ ಮೈಯೆಲ್ಲ ಮಸಿ. "ಬೆಂಕಿ ನೀಲಿ ಇದ್ರೆ ಆರೋಗ್ಯ. ಹಳದಿ ಆಗಿ ಮಸಿ ಕಟ್ತು ಅಂದ್ರೆ ಉಸಿರು ಕಟ್ತಿದೆ ಅಂತ ಅರ್ಥ. ಮೇಲೆಲ್ಲ ಕನ್ನಡಿ ಹಾಗೆ ಉಜ್ಜಿದೀರಾ, ಕೆಳಗೆ ಒಂದ್ಸಲ ಬಗ್ಗಿ ನೋಡಿಲ್ಲ."

"ತಗೊಂಡು ಹೋಗಿಬಿಡಮ್ಮ ಇದನ್ನ" ಎಂದ ನಿಧಾನಯ್ಯ, ಗೋಡೆಯ ಕಡೆ ನೋಡುತ್ತ. "ಗುಜರಿಗೆ ಹಾಕು. ಮೂಗಿಲ್ಲದವನಿಗೆ ಓವನ್ ಯಾಕೆ?"

ಸ್ಪ್ಯಾನರಕ್ಕ ಉತ್ತರ ಕೊಡುವ ಮೊದಲೇ ಸೊಸೆ ಹೇಳಿದಳು: "ಓವನ್ ಎಲ್ಲಿಗೂ ಹೋಗಲ್ಲ. ಸರಿ ಮಾಡೋದಕ್ಕೆ ಏನೇನು ಬೇಕು ಹೇಳಿ ಅಕ್ಕಾ."

ಸ್ಪ್ಯಾನರಕ್ಕನಿಗೆ ಆಗ ಇಬ್ಬರ ಮೂಗಿನ ಕಥೆಯೂ ಗೊತ್ತಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಬ್ರಿಗೆ ಇಲ್ಲ, ಒಬ್ರಿಗೆ ಜಾಸ್ತಿ! ಸರಾಸರಿ ತೆಗೆದ್ರೆ ನಿಮ್ ಮನೇಲಿ ಎಲ್ಲರದ್ದೂ ಸರಿ ಇದೆ ಬಿಡಿ." ಆಮೇಲೆ ಒಂದು ಬಟ್ಟಲಲ್ಲಿ ಸೋಪಿನ ನೀರು ಕದಡಿ, ಬ್ರಶ್ಶು ಅದ್ದಿ ನಿಧಾನಯ್ಯನ ಕೈಗೆ ಕೊಟ್ಟಳು. "ಮೂಗಿನ ಕೆಲಸಾನ ಕಣ್ಣಿಗೆ ವಹಿಸಬಹುದು ಯಜಮಾನ್ರೇ. ಪೈಪು ಸೇರೋ ಜಾಗಕ್ಕೆಲ್ಲ ಬಳೀರಿ. ಬೆಂಕಿ ಮಾತ್ರ ಎಲ್ಲೂ ಹತ್ತಿರ ಇರಬಾರದು."

ಅವಳು ರೆಗ್ಯುಲೇಟರ್ ತೆರೆದಳು. ಅವನು ಬಳಿದ. ಮೊದಲ ಜೋಡಣೆಯಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲಿ, ರಬ್ಬರ್ ಪೈಪು ಓವನ್ನಿಗೆ ಸೇರುವ ಕಡೆ, ಸಾಸಿವೆಯಷ್ಟು ಗುಳ್ಳೆಯೊಂದು ಎದ್ದಿತು. ಅದರ ಪಕ್ಕ ಇನ್ನೊಂದು. ಒಡೆದು ಮತ್ತೊಂದು.

"ಕಾಣ್ತಿದೆ!" ಎಂದು ನಿಧಾನಯ್ಯ ಕೂಗಿದ. "ಅಮ್ಮಾ, ಬಾ ಇಲ್ಲಿ ನೋಡು, ವಾಸನೆ ಕಣ್ಣಿಗೆ ಕಾಣ್ತಿದೆ!"

ಸ್ಪ್ಯಾನರಕ್ಕ ರೆಗ್ಯುಲೇಟರ್ ಮುಚ್ಚಿ ಪೈಪನ್ನು ಬಗ್ಗಿಸಿ ತೋರಿಸಿದಳು. ರಬ್ಬರು ಹಳತಾಗಿ ಕೂದಲೆಳೆಯ ಬಿರುಕು ಬಿಟ್ಟಿತ್ತು. ಇದು ಬದಲಾಗಬೇಕು ಎಂದಳು. ಬೆಂಕಿ ಆರಿದರೆ ತಾನಾಗಿಯೇ ಗ್ಯಾಸ್ ನಿಲ್ಲಿಸುವ ವಾಲ್ವೊಂದನ್ನು ಕೂರಿಸಬೇಕು, ಸೋರಿದರೆ ಬಡಿದುಕೊಳ್ಳುವ ಅಲಾರಾಂ ಒಂದು ಬೇಕು, ಅದು ಗೋಡೆಯ ಕೆಳಗೆ ನೆಲದ ಹತ್ತಿರವೇ ಇರಬೇಕು, ಸಿಲಿಂಡರಿನ ಗ್ಯಾಸು ಕೆಳಗಿಳಿದು ಕೂರುತ್ತದೆ ಎಂದೂ ಹೇಳಿದಳು. "ಆ ಅಲಾರಾಂಗೆ ಶೀತ ಆಗಲ್ಲ, ಬಸಿರೂ ಆಗಲ್ಲ. ಚಿಂತೆ ಇಲ್ಲ."

ಮಗ ಮನೆಗೆ ಬಂದಾಗ ಮೂವರೂ ಊಟದ ಮೇಜಿನ ಸುತ್ತ ಕೂತರು. ಹೇಳುವುದು ನಾನು ಎಂದು ನಿಧಾನಯ್ಯ ಸೊಸೆಗೆ ಮೊದಲೇ ಹೇಳಿದ್ದ. ಜ್ವರದಿಂದ ಶುರುಮಾಡಿ ಲೈಟರಿನವರೆಗೆ ಒಂದನ್ನೂ ಬಿಡದೆ ಹೇಳಿದ. ಮಗ ಎದ್ದು ಹೋಗಿ ಹೆಂಡತಿಯ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟ. ಬಂದು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತ.

"ಅಪ್ಪಾ, ನಮ್ ಅಂಗಡಿಗೆ ದಿನಾ ಎಷ್ಟೋ ಜನ ಬರ್ತಾರೆ, ಕಣ್ಣು ಕಾಣಲ್ಲ ಅಂತ. ಒಬ್ರೂ ನಾಚ್ಕೊಳಲ್ಲ. ಅಕ್ಷರ ಓದಿ ಅಂದ್ರೆ ಕಾಣ್ತಿಲ್ಲ ಕಣಪ್ಪಾ ಅಂತ ಜೋರಾಗೇ ಹೇಳ್ತಾರೆ. ನೀವು ಮೂಗಿನ ವಿಷಯಕ್ಕೆ ಯಾಕೆ ನಾಚ್ಕೊಂಡ್ರಿ?"

"ನಾಚಿಕೆ ಅಲ್ಲ ಕಣೋ. ಹೆದರಿಕೆ."

"ಯಾರಿಗೆ ಹೆದರಿದ್ರಿ?"

"ನಿಮ್ಗೆ" ಎಂದ ನಿಧಾನಯ್ಯ. ಹೇಳಿದ ಮೇಲೆ ಅದೆಷ್ಟು ಪೆದ್ದು ಮಾತೆಂದು ಅವನಿಗೇ ಅನ್ನಿಸಿತು.

ಮರುದಿನವೇ ಮಗ ಅವನನ್ನು ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಬರಬಹುದು, ಬರದೆಯೂ ಇರಬಹುದು, ಪರಿಚಯದ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಸಲ ಮೂಸಿ ಮೂಗಿಗೆ ನೆನಪು ಮಾಡಿಕೊಡುತ್ತಿರಿ ಎಂದರು ಡಾಕ್ಟರು. ನಿಧಾನಯ್ಯ ಒಳ್ಳೆಯ ವಿದ್ಯಾರ್ಥಿಯಂತೆ ನಿಂಬೆ, ಲವಂಗ, ಕಾಫಿಪುಡಿ, ಸೋಪು ನಾಲ್ಕನ್ನೂ ಕಿಟಕಿಯಲ್ಲಿ ಸಾಲಾಗಿ ಇಟ್ಟುಕೊಂಡ.

ಶನಿವಾರ ಬಂತು. ಹೊಸ ಪೈಪು, ವಾಲ್ವು, ಅಲಾರಾಂ ಎಲ್ಲ ಕೂತಿದ್ದವು. ಸ್ಪ್ಯಾನರಕ್ಕ ಬರ್ನರ್ ಬಿಚ್ಚಿ, ತೂತುಗಳ ಮಸಿ ತೆಗೆದು ಮತ್ತೆ ಜೋಡಿಸಿದ್ದಳು. ಅಂದಿನ ಸರ್ವಿಸ್ಸಿಗೆ ಮೂವರೂ ಕೂಡಿದರು. ಮಗ ಅಂಗಡಿಯಿಂದ ಜಿಡ್ಡು ಕರಗಿಸುವ ಸ್ಪ್ರೇ ತಂದಿದ್ದ. ಬಾಟಲಿಯ ಹಿಂದಿನ ಸಣ್ಣಕ್ಷರ ಓದಿದ ಸೊಸೆ ಅದನ್ನು ತೆರೆಯದೆಯೇ ಹಿಂದಿರುಗಿಸಿದಳು. ಅದರ ಆವಿ ಅವಳಿಗೂ ಒಳ್ಳೆಯದಲ್ಲ, ವಾಸನೆ ತಿಳಿಯದ ಮಾವನಿಗೂ ಒಳ್ಳೆಯದಲ್ಲ. ಸೋಡಾ ಸಾಕು ಎಂದಾಯಿತು. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ ಸೊಸೆ, ಪರೀಕ್ಷೆ ಮಾಡುವ ಸರದಿ ಈಗ ತನ್ನದೆಂದಳು.

"ರೆಗ್ಯುಲೇಟರ್?"

"ಬಂದ್."

"ಓವನ್ ತಣ್ಣಗಿದೆಯಾ?"

"ನಿನ್ನೆಯಿಂದ ತಣ್ಣಗಿದೆ."

"ಬಾಗಿಲ ಸುತ್ತಲಿನ ಪಟ್ಟಿ?"

"ಬರೀ ಒದ್ದೆ ಬಟ್ಟೆ. ಉಜ್ಜಲ್ಲ. ಎಲ್ಲೂ ಬಿರುಕಿಲ್ಲ."

"ತಳದ ಸೀಳುಗಳು?"

ನಿಧಾನಯ್ಯ ತಗಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಪ್ರತಿ ಸೀಳಿನಿಂದಲೂ ಬಿಸಿಲಿನ ಒಂದೊಂದು ಪಟ್ಟೆ ಅವನ ಅಂಗಿಯ ಮೇಲೆ ಬಿತ್ತು. "ಎಲ್ಲಾ ಉಸಿರಾಡ್ತಿವೆ" ಎಂದ. ಮಗ ಒಂದು ಜಾಲರಿ ತೊಳೆಯುವಷ್ಟರಲ್ಲಿ ಮೂರು ಸಲ ಸೊಂಟ ನೋವೆಂದ. ಅವನು ತೊಳೆದದ್ದನ್ನು ನಿಧಾನಯ್ಯ ಕಣ್ಣು ತಪ್ಪಿಸಿ ಮತ್ತೊಮ್ಮೆ ತೊಳೆದ.

ಮರುದಿನ ಮಧ್ಯಾಹ್ನ, ಹಿಟ್ಟು ನಾದುವ ಮೊದಲು ಅವನು ಸೊಸೆಯ ಕೋಣೆಯ ಬಾಗಿಲಿಗೆ ಹೋಗಿ ನಿಂತ. "ಅಮ್ಮಾ, ಇವತ್ತು ಬ್ರೆಡ್ ಮಾಡೋಣ ಅಂತಿದೀನಿ. ಈಗಲೇ ಹೇಳ್ತಿದೀನಿ. ಬೇಡ ಅಂದ್ರೆ ಬೇಡ."

"ಮಾಡಿ ಮಾವ. ನಾವಿಬ್ರೂ ಪಾರ್ಕಿಗೆ ಹೋಗಿರ್ತೀವಿ."

ರಸ್ತೆಯಾಚೆ ಪುಟ್ಟ ಪಾರ್ಕಿತ್ತು. ಗಂಡಹೆಂಡತಿ ಅಲ್ಲಿ ಮರದ ಕೆಳಗಿನ ಬೆಂಚಿನ ಮೇಲೆ ಕೂತರು. ನಿಧಾನಯ್ಯ ಮನೆಯಲ್ಲಿ ಒಬ್ಬನೇ. ಓವನ್ ಹಚ್ಚಿ, ತೂತಿನಲ್ಲಿ ಇಣುಕಿ, ಬೆಂಕಿ ನೀಲಿಯಾಗಿರುವುದನ್ನು ನೋಡಿದ. ನೆಲದ ಹತ್ತಿರ ಅಲಾರಾಂನ ಹಸಿರು ದೀಪ ಉರಿಯುತ್ತಿತ್ತು. ಐದೈದು ನಿಮಿಷಕ್ಕೊಮ್ಮೆ ಗಾಜಿನಿಂದ ನೋಡಿದ. ಬಿಳಿ ಹಿಟ್ಟು ಉಬ್ಬಿತು, ನೆತ್ತಿಯಲ್ಲಿ ಬಿರಿಯಿತು, ಅಂಚಿನಲ್ಲಿ ಹೊಂಬಣ್ಣ ಹತ್ತಿತು. ಇಷ್ಟು ವರ್ಷ ವಾಸನೆ ನಂಬಿ ಬೆನ್ನು ತಿರುಗಿಸಿ ಕೂರುತ್ತಿದ್ದವನು ಇದನ್ನೆಲ್ಲ ಇಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ. ಗಡಿಯಾರ ಬಡಿದ ಮೇಲೆ ಹೊರತೆಗೆದು, ದಪ್ಪ ಬಟ್ಟೆಯಲ್ಲಿ ಹಿಡಿದು, ಮಗುಚಿ, ತಳಕ್ಕೆ ಬೆರಳ ಗೆಣ್ಣಿನಿಂದ ಬಡಿದ. ಟೊಳ್ಳು ಸದ್ದು ಬಂತು. ಬೆಂದಿತ್ತು.

ಸ್ವಲ್ಪ ಆರಿದ ಮೇಲೆ ಗುಂಡಿ, ರೆಗ್ಯುಲೇಟರ್ ಎರಡನ್ನೂ ಮತ್ತೆ ನೋಡಿ, ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಮೂರು ಮಹಡಿ ಇಳಿದು ರಸ್ತೆ ದಾಟಿದ. ಪಾರ್ಕಿನಲ್ಲಿ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಬೆಂಚಿನಿಂದ ನಾಲ್ಕು ಮಾರು ದೂರದಲ್ಲೇ ನಿಂತು ಕೇಳಿದ:

"ಹತ್ತಿರ ಬರ್ಲೇನಮ್ಮಾ?"

ಸೊಸೆ ಮೂಗೆತ್ತಿ ಎರಡು ಸಲ ಗಾಳಿ ಮೂಸಿದಳು. "ಬನ್ನಿ. ನಿಧಾನಕ್ಕೆ ಬನ್ನಿ. ಹಾಂ, ಇಲ್ಲಿವರೆಗೂ ತೊಂದ್ರೆ ಇಲ್ಲ. ಇನ್ನೊಂದು ಹೆಜ್ಜೆ." ಕೊನೆಗೆ ಅವನು ಬೆಂಚಿನ ತುದಿಯಲ್ಲಿ ಕೂತಾಗ ಅವಳೇ ಕೈ ಚಾಚಿ ಒಂದು ಚೂರು ಮುರಿದುಕೊಂಡಳು. ಬಾಯಿಗಿಟ್ಟಳು. ತಂದೆ ಮಗ ಇಬ್ಬರೂ ಉಸಿರು ಬಿಗಿಹಿಡಿದು ಅವಳ ಮುಖ ನೋಡಿದರು.

"ತಳ ಸ್ವಲ್ಪ ಸೀದಿದೆ ಮಾವ" ಎಂದಳು ಅಗಿಯುತ್ತ. "ಉಪ್ಪೂ ಒಂಚೂರು ಮುಂದಾಗಿದೆ."

ನಿಧಾನಯ್ಯನಿಗೆ ಎಷ್ಟೋ ದಿನದ ಮೇಲೆ ಮೈ ಹಗುರಾಯಿತು. "ಮುಂದಿನ ಸಲ ಐದು ನಿಮಿಷ ಮುಂಚೆ ತೆಗೀತೀನಿ" ಎಂದ.

ಅವಳು ಇನ್ನೊಂದು ಚೂರು ಮುರಿದಳು. ಆಮೇಲೆ ಮತ್ತೊಂದು. ಮಗ ಕೈ ಹಾಕಲು ಹೋದರೆ ಅವನ ಕೈಗೊಂದು ಪೆಟ್ಟು ಕೊಟ್ಟು, ಬಟ್ಟೆಯ ಗಂಟನ್ನು ಪೂರ್ತಿ ತನ್ನ ತೊಡೆಯ ಮೇಲೆಳೆದುಕೊಂಡಳು.